ಕೂಗಬೇಡಿ, ಎದುರಿಗೆ ಬನ್ನಿ

ಅಕ್ಕ, ಅತ್ತೆಯವರು ಕಿವಿ ಮಿಷನ್ನನ್ನ ಬೀರುವಿಗೆ ಸೇರಿಸಿಬಿಟ್ರು ಅಂದ್ರಲ್ಲ, ಕೇಳಿ ಸಂಕಟ ಆಯ್ತು. ಹಾಕ್ಕೊಂಡ್ರೆ ತಲೆ ಚಿಟ್ಟು ಹಿಡಿಯುತ್ತೆ ಅಂತಾರಾ? ಹಿಡಿಯುತ್ತೆ, ನಿಜ. ನಮ್ಮನೆಯವರೂ ಮೊದಮೊದಲು ಹಾಗೇ ಅಂತಿದ್ರು. ಎಷ್ಟೋ ವರ್ಷ ಕೇಳದೇ ಇದ್ದ ಫ್ಯಾನಿನ ಗರಗರ, ಸಿಂಕಿಗೆ ಬಿದ್ದ ಚಮಚ, ಪೇಪರ್ ಮಗುಚೋ ಸದ್ದು, ಎಲ್ಲಾ ಒಟ್ಟಿಗೆ ಮೈಮೇಲೆ ಬೀಳುತ್ತೆ. ಯಾವುದನ್ನ ಕೇಳಬೇಕು, ಯಾವುದನ್ನ ಬಿಡಬೇಕು ಅಂತ ಮಿದುಳು ಮತ್ತೆ ಕಲೀಬೇಕು. ಅದಕ್ಕೆ ವಾರಗಳೇ ಬೇಕು, ಕೆಲವರಿಗೆ ತಿಂಗಳುಗಳು. ಬೀರುವಿನಲ್ಲಿಟ್ರೆ ಕಲಿಯೋದು ಯಾವಾಗ ಹೇಳಿ.

‘ಬೇಕಾದ್ದು ಮಾತ್ರ ಚೆನ್ನಾಗಿ ಕೇಳಿಸುತ್ತೆ’ ಅಂತ ಮನೆಮಂದಿ ಆಡ್ಕೋತಾರಲ್ಲ, ಅದನ್ನ ದಯವಿಟ್ಟು ನಿಲ್ಲಿಸಿ ಅಕ್ಕ. ವಯಸ್ಸಾದೋರಿಗೆ ದನಿ ಕೇಳಿಸುತ್ತೆ, ಮಾತು ತಿಳಿಯಲ್ಲ. ಒಳಕಿವಿಯ ಸೂಕ್ಷ್ಮ ಕೂದಲ ಕಣಗಳು ಸವೆಯುವಾಗ ಸಣ್ಣ ಕೀಚಲು ಸದ್ದು ಹಿಡಿಯೋವೇ ಮೊದಲು ಹೋಗೋದು, ಹೋದವು ಮತ್ತೆ ಹುಟ್ಟಲ್ಲ. ಆ, ಈ, ಊ ಎಲ್ಲಾ ಕಿವಿಗೆ ಬೀಳುತ್ತೆ; ಸ, ಶ, ಚ, ತ, ಕ ಜಾರಿಹೋಗುತ್ತೆ. ‘ಕಾಯಿ ತುರಿದಿಟ್ಟಿದೀನಿ’ ಅಂದ್ರೆ ಕಾಯಿಯೋ ತಾಯಿಯೋ ಅಂತ ಊಹಿಸಬೇಕು. ದಿನವಿಡೀ ಹೀಗೆ ಊಹಿಸಿ ಊಹಿಸಿ ಸಾಕಾಗಿಯೇ ಅಲ್ವಾ ಅವರು ಮದುವೆಮನೇಲೂ ಮೂಲೇಲಿ ಕೂರೋದು?

ಕೂಗಿದ್ರೂ ಪ್ರಯೋಜನ ಇಲ್ಲ. ಸ್ವರ ಇನ್ನಷ್ಟು ದಪ್ಪ ಆಗುತ್ತೆ, ಆ ಸಣ್ಣ ಅಕ್ಷರಗಳು ಅದರಡಿ ಮುಳುಗುತ್ವೆ. ಸಾಲದ್ದಕ್ಕೆ, ಇಂಥ ಕಿವಿಗೆ ಮೆಲ್ಲಗಿನ ಸದ್ದು ಕೇಳಲ್ಲ, ಜೋರು ಸದ್ದು ಚುಚ್ಚುತ್ತೆ. ಈಗಿನ ಡಿಜಿಟಲ್ ಮಿಷನ್ನು ಅದಕ್ಕೇ ಎಲ್ಲಾನೂ ಒಂದೇ ಸಮ ಏರಿಸಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಸಾಮಾನ್ಯವಾಗಿ 250ರಿಂದ 8000 ಹರ್ಟ್ಜ್‌ವರೆಗೆ ಪರೀಕ್ಷೆ ಮಾಡಿ ಗ್ರಾಫ್ ಬರೀತಾರಲ್ಲ, ಎಲ್ಲಿ ಎಷ್ಟು ಕಮ್ಮಿಯೋ ಅಲ್ಲಿ ಅಷ್ಟು ಮಾತ್ರ ತುಂಬುತ್ತೆ. ಆ ಗ್ರಾಫೇ ನೋಡದೆ ಅಂಗಡಿಯೋನು ವಾಲ್ಯೂಮ್ ತಿರುಗಿಸಿ ಕೊಟ್ಟಿದ್ರೆ ಅತ್ತೆಯವರು ತೆಗೆದಿಟ್ಟಿದ್ದು ಸರಿಯೇ. ನಮ್ಮ ಮಾನಸಗಂಗೋತ್ರೀಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮನೆ ಪಕ್ಕದಲ್ಲೇ ಅಂಥ ಜಾಗ ಇಟ್ಕೊಂಡು ಸುಮ್ಮನಿರಬಾರದು.

ಸೆಲ್ಲಿನದೂ ಒಂದು ಮಾತು. ಕಂದು ಸ್ಟಿಕ್ಕರಿನ 312ನೇ ನಂಬರಿನದು ತಾನೆ? ಸ್ಟಿಕ್ಕರ್ ಕಿತ್ತ ತಕ್ಷಣ ಹಾಕಬೇಡಿ, ಒಂದು ನಿಮಿಷ ಬಿಡಿ. ಅದು ಗಾಳಿ ಕುಡಿದೇ ಕೆಲಸ ಶುರು ಮಾಡೋದು. ತಲೆಗೆ ಎಣ್ಣೆ ಹಚ್ಚೋ ಮುಂಚೆ ಮಿಷನ್ನು ತೆಗೆಸಿ. ಕಿವಿಯೊಳಗೆ ಕೂರೋ ತುದೀಲಿ ಗುಗ್ಗೆ ಕಟ್ಟಿದ್ರೂ ಸದ್ದು ನಿಂತೋಗುತ್ತೆ. ಕೆಟ್ಟಿದೆ ಅಂದ್ಕೋಬೇಡಿ, ಜೊತೆಗೆ ಬಂದ ಪುಟ್ಟ ಬ್ರಷ್ಷಲ್ಲಿ ಉಜ್ಜಿ. ಮಳೆಗಾಲದಲ್ಲಿ ರಾತ್ರಿ ಸೆಲ್ಲು ತೆಗೆದು ಮಿಷನ್ನನ್ನ ಮಾತ್ರ ಸಿಲಿಕಾ ಜೆಲ್ ಡಬ್ಬೀಲಿಡಿ.

ಬುಧವಾರ ನಾವು ಸಂಸ್ಥೆಗೆ ಹೋಗ್ತಿದೀವಿ, ಕಾರಲ್ಲಿ ಜಾಗ ಇದೆ. ಅತ್ತೆಯವರನ್ನ ಹೊರಡಿಸಿ. ಮಿಷನ್ನು, ಹಳೇ ರಿಪೋರ್ಟು ಎರಡೂ ಇರಲಿ. ಈ ವಿಷಯ ಅಡುಗೆಮನೆಯಿಂದ ಕೂಗಿ ಹೇಳಬೇಡಿ ಅಕ್ಕ, ಟೀವಿ ಆರಿಸಿ, ಎದುರಿಗೆ ಕೂತು ಹೇಳಿ.