ಮುನ್ನೂರು ಪುಟಗಳ ವಾಹನಪುರಾಣ

ಕುಮಟೆಯಿಂದ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಭಟ್ಕಳಕ್ಕೆ ಹೊರಟ ನಮ್ಮ ಭಾವನ ನೂತನ ವಿದ್ಯುತ್ ಕಾರು, ಆಷಾಢದ ಜಡಿಮಳೆಯಲ್ಲಿ ಹೊನ್ನಾವರದ ಶರಾವತಿ ಸೇತುವೆಯನ್ನು ದಾಟಿ, ನಾವು ಚಹಾ ಕುಡಿದು ಬರುವಷ್ಟರಲ್ಲಿ ದೀಪವಾರಿಸಿಕೊಂಡು ಮೌನವ್ರತ ಧರಿಸಿದುದನ್ನು ಕಂಡು, ಅವನು ಕಿಂಚಿತ್ತೂ ಧೃತಿಗೆಡದೆ ಮುನ್ನೂರು ಪುಟಗಳ ಕೈಪಿಡಿಯನ್ನು ಹೊರತೆಗೆದು ಪಾರಾಯಣಕ್ಕೆ ಉಪಕ್ರಮಿಸಿದನು.

“ಚಾರ್ಜು ಮುಗಿಯಿತೇ ಭಾವ?”

“ಛೇ! ಶೇಕಡಾ 70 ಉಂಟು. ನಿತ್ಯವೂ 80ಕ್ಕೆ ನಿಲ್ಲಿಸಿದರೆ ಬ್ಯಾಟರಿಗೆ ದೀರ್ಘಾಯುಷ್ಯವೆಂದು 112ನೆಯ ಪುಟ.”

“ಹಾಗಾದರೆ ಹಗ್ಗ ಕಟ್ಟಿ ಎಳೆಸೋಣವೇ?”

“ಶಾಂತಂ ಪಾಪಂ! ಚಕ್ರ ತಿರುಗಿದರೆ ಮೋಟಾರೇ ಡೈನಮೋ ಆಗಿ ಕೆಟ್ಟೀತು. ಚಕ್ರಗಳು ನೆಲ ಸೋಕದಂತೆ, ಪಲ್ಲಕ್ಕಿಯ ದೇವರ ಹಾಗೆ ಲಾರಿಯ ಮೇಲೆಯೇ ಬಿಜಯಂಗೈಸಬೇಕು.”

“ಮಳೆನೀರು ನುಗ್ಗಿರಬಹುದೇ?”

“ಎಷ್ಟು ಆಳದ ನೀರಿನಲ್ಲಿ ಎಷ್ಟು ವೇಗದಿಂದ ಹೋಗಬೇಕೆಂಬುದಕ್ಕೂ ಅಧ್ಯಾಯವಿದೆ, ಇಲಿ ವಯರು ಕಡಿದರೆ, ಮಗು ಗುಂಡಿ ಒತ್ತಿದರೆ, ಎಲ್ಲಕ್ಕೂ ವಿಧಿನಿಷೇಧಗಳಿವೆ. ನಿಲ್ಲು, ಕ್ರಮವಾಗಿ ಓದುತ್ತೇನೆ.”

ಅಷ್ಟರಲ್ಲಿ, ಬೀಡಿ ಸೇದುತ್ತ ಇದನ್ನೆಲ್ಲ ಆಲಿಸುತ್ತಿದ್ದ ಆಟೋದವನು ಎದ್ದು ಬಂದನು.

“ಸ್ವಾಮೀ, ಒಳಗೆ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಒಂದಿರ್ತದೆ. ಅದು ಮಲಗಿದ್ರೆ ದೊಡ್ಡದು ಎಚ್ಚರ ಇದ್ರೂ ಗಾಡಿ ಏಳೂದಿಲ್ಲ.”

ಅವನು ತನ್ನ ಆಟೋದಿಂದ ಎರಡು ವಯರು ಜೋಡಿಸಿದೊಡನೆ ಕಾರು ಕಣ್ತೆರೆಯಿತು; ಚಹಾದ ದುಡ್ಡಿನ ಹೊರತು ಬೇರೇನನ್ನೂ ಆತ ಸ್ವೀಕರಿಸಲಿಲ್ಲ.

ಕೈಪಿಡಿಯನ್ನು ದೂಷಿಸುವುದು ಅನ್ಯಾಯ. ಈ ಉಪಾಯವು ಅದರ 287ನೆಯ ಪುಟದಲ್ಲಿ ಚಿತ್ರಸಹಿತವಾಗಿಯೇ ಇದ್ದಿತು. ಭಾವನು ಆಗಿನ್ನೂ 140ರಲ್ಲಿದ್ದನು.