ತಕರಾರು ಅರ್ಜಿಗೊಂದು ಬಹಿರಂಗ ಪತ್ರ

ಮಾಕವಳ್ಳಿ, ಕೆ.ಆರ್. ಪೇಟೆ ತಾಲ್ಲೂಕು

ಮಾನ್ಯ ತಕರಾರು ಅರ್ಜಿಯವರೇ,

ನಾವು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ, ಎಲ್ಲ ಊರಲ್ಲೂ ಗಟ್ಟಿಮುಟ್ಟಾಗಿದ್ದೀರಿ. ಮನೋರೋಗದಿಂದ ಚೇತರಿಸಿಕೊಂಡವರ ಮನೆಯೋ, ಕುಡಿತ ಬಿಡಿಸುವ ಕೇಂದ್ರವೋ ಬರುತ್ತದಂತೆ ಎಂಬ ಗಾಳಿಮಾತಿಗೇ ಜೆರಾಕ್ಸ್ ಅಂಗಡಿಯಲ್ಲಿ ನೀವು ಹುಟ್ಟಿಬಿಡುತ್ತೀರಿ. ಹೆಣ್ಣುಮಕ್ಕಳು ಓಡಾಡೋ ಜಾಗ, ಸೈಟಿನ ರೇಟು ಬಿದ್ದುಹೋಗುತ್ತೆ, ನಮಗೇನೂ ದ್ವೇಷವಿಲ್ಲ, ಊರಾಚೆ ಮಾಡಿಕೊಳ್ಳಲಿ. ನಾಲ್ಕೇ ಸಾಲು. ಊರಿನ ಹೆಸರಿಗೆ ಮಾತ್ರ ಜಾಗ ಖಾಲಿ.

ನಮ್ಮ ಸಹನೆ ಸಣ್ಣದಲ್ಲ ಸ್ವಾಮಿ. ಕಬ್ಬು ಅರೆಯುವ ಕಾಲಕ್ಕೆ ಹಿಂದೆ ದೀಪವಿಲ್ಲದ, ಮುಂದೆ ಡಿಜೆ ಕಟ್ಟಿದ ಟ್ರ್ಯಾಕ್ಟರು ಜೋಡಿ ಟ್ರೇಲರ್ ಎಳೆದುಕೊಂಡು ನಡುರಾತ್ರಿ ಜಗುಲಿ ಪಕ್ಕದಲ್ಲೇ ಹೋಗುತ್ತದೆ. ಬಿದ್ದ ಜಲ್ಲೆ ಆಯ್ದುಕೊಂಡು ಮತ್ತೆ ಮಲಗುತ್ತೇವೆ. ಶಾಂತಿಭಂಗವಾಗುವುದು ಮಾತ್ರೆ ನುಂಗಿ ಒಂಬತ್ತಕ್ಕೇ ಮಲಗುವವರಿಂದ.

2023ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆಯ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಕೊಪ್ಪರಿಗೆ ಇರಬೇಕಾದ ಕಡೆ ಸ್ಕ್ಯಾನಿಂಗ್ ಯಂತ್ರ! ಹಿಡಿದದ್ದು ಬೆಂಗಳೂರಿನ ಪೊಲೀಸರು. ಹೆಣ್ಣುಮಕ್ಕಳ ಸುರಕ್ಷತೆಯ ಬಗ್ಗೆ ಇಷ್ಟು ಚಿಂತಿಸುವ ತಾವು ಆಗ ಯಾವ ಊರಿನ ಪ್ರವಾಸದಲ್ಲಿದ್ದಿರಿ?

ಮದ್ಯದಂಗಡಿ ಗುಡಿ, ಶಾಲೆಗಳಿಂದ 100 ಮೀಟರ್ ದೂರ ಇರಲಿ ಎನ್ನುತ್ತದೆ ಅಬಕಾರಿ ನಿಯಮ. ಕುಡಿತ ಬಿಡಿಸುವವರನ್ನು ಅದಕ್ಕಿಂತ ದೂರ ಅಟ್ಟುವ ಆಸೆ ತಮ್ಮದು.

ಕಾನೂನು ಮಾತ್ರ ಮೊಂಡಾಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಇವೆ, ಮನೋರೋಗವೂ ಅದರಲ್ಲೊಂದು. ಅಂಥವರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ ಎನ್ನುತ್ತದೆ ಅದರ 5ನೇ ಸೆಕ್ಷನ್. 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ನಿನದೂ ಅದೇ ಹಟ. 18ನೆಯದಂತೂ ಚೇತರಿಸಿಕೊಂಡವರು ಉಳಿಯುವ ಹಾಫ್‌ವೇ ಹೋಮ್ ಒದಗಿಸುವುದು ಸರ್ಕಾರದ್ದೇ ಹೊಣೆ ಎಂದುಬಿಟ್ಟಿದೆ. ಕುಡಿತದಿಂದ ಬರುವ ಮಾನಸಿಕ ತೊಂದರೆಯೂ ಈ ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ. ಊರಾಚೆ ಎಂಬ ಪದ ನನಗೆಲ್ಲೂ ಸಿಗಲಿಲ್ಲ. ನೀವೊಮ್ಮೆ ಕನ್ನಡಕ ಹಾಕಿಕೊಂಡು ಹುಡುಕಿ.

ನಿಮ್ಮ ಅಮೆರಿಕದ ಬಂಧುಗಳಿಗೂ ಇದೇ ಗ್ರಹಚಾರ ಬಡಿದಿತ್ತು. ನ್ಯೂಯಾರ್ಕ್ ಬಳಿಯ ವೈಟ್ ಪ್ಲೇನ್ಸ್ ಊರಿನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಕೊಟ್ಟಿದ್ದ ಪರವಾನಗಿಯನ್ನು ನೆರೆಹೊರೆಯವರ ಗಲಾಟೆ ಎದ್ದ ಮೇಲೆ, ಯಾವ ಜಾಗದಲ್ಲಿ ಏನು ನಡೆಸಬಹುದೆಂದು ನಿರ್ಧರಿಸುವ ವಲಯ ಮಂಡಳಿ ಕಿತ್ತುಕೊಂಡಿತು. ಕಾಗದದ ಮೇಲಿನ ಕಾರಣ, ಅದು ಕಚೇರಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು. 1997ರಲ್ಲಿ ಮೇಲ್ಮನವಿ ನ್ಯಾಯಾಲಯ, ಅಂಗವಿಕಲರ ಕಾಯ್ದೆ ಇಂಥ ವಲಯ ತೀರ್ಮಾನಗಳಿಗೂ ಅನ್ವಯಿಸುತ್ತದೆ ಎಂದು ಕೇಂದ್ರದ ಪರ ನಿಂತಿತು. ಅಲ್ಲಿನ ಕಾಯ್ದೆ ಇಲ್ಲಿ ನಡೆಯದು, ನಿಜ. ಆದರೆ ನಮ್ಮಲ್ಲೂ ವಕೀಲರು ಅರ್ಜಿಯ ನಾಲ್ಕು ಸಾಲುಗಳನ್ನು ಗಟ್ಟಿಯಾಗಿ ಓದಿ, ಇದರಲ್ಲಿ ಕಟ್ಟಡದ ಮಾತು ಎಲ್ಲಿದೆ ಸ್ವಾಮಿ ಎಂದು ಕೇಳಿಯಾರು. ಆಗ ಪಂಚಾಯಿತಿಯವರು ನಿಮ್ಮ ಮುಖ ನೋಡುತ್ತಾರೆ. ಸಿದ್ಧವಾಗಿರಿ.

ಇಂತಿ,
ಸಹಿ ಹಾಕದೆ ಉಳಿದವನು

ವಿ.ಸೂ.: ತಮ್ಮ ಕೆಳಗೆ ಮೂರನೇ ಸಹಿ ನನ್ನ ದಾಯಾದಿಯದು, ಕೈಬರಹ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಬೆಳಗಿನ ಜಾವದ ಬಸ್ಸಿಗೆ ಅವನು ತಂಗಿಯನ್ನು ನಿಮ್ಹಾನ್ಸ್‌ಗೆ ಕರೆದೊಯ್ಯುತ್ತಾನೆ. ಎಲ್ಲಿಗೆ ಅಂದರೆ ಮದುವೆಗೆ ಅನ್ನುತ್ತಾನೆ. ಆಷಾಢದಲ್ಲೂ.