ಪ್ರಾಜೆಕ್ಟ್ ಗೈಡ್: ಲಕ್ಷಣ, ಪ್ರಭೇದ, ಉಪಯೋಗ

ಪ್ರಾಜೆಕ್ಟ್ ಗೈಡ್ ಪದವಿ ಕಾಲೇಜಿನ ಕೊನೆಯ ವರ್ಷದಲ್ಲಿ ಕಾಣಸಿಗುವ ಜೀವಿ. ವಾಸ ಸ್ಟಾಫ್ ರೂಮಿನ ಮೂಲೆಯ ಮೇಜು. ಹುಡುಕಿಕೊಂಡು ಹೋದರೆ ಅಲ್ಲಿರುವುದಿಲ್ಲ. ತಲೆತಪ್ಪಿಸಿಕೊಂಡು ಓಡಾಡುವ ದಿನಗಳಲ್ಲಿ ಕಾರಿಡಾರಿನ ಪ್ರತಿ ತಿರುವಿನಲ್ಲೂ ಎದುರಾಗುತ್ತದೆ. ಆಹಾರ ಚಹಾ, ಆಯುಧ ಕೆಂಪು ಪೆನ್ನು. ಯಾವ ಗೈಡ್ ಯಾರ ಪಾಲಿಗೆ ಎಂಬುದನ್ನು ನೋಟಿಸ್ ಬೋರ್ಡ್ ನಿರ್ಧರಿಸುತ್ತದೆ. ಅದರ ಮುಂದೆ ಬಿಡುವ ನಿಟ್ಟುಸಿರಿನ ಉದ್ದದಿಂದಲೇ ಪಟ್ಟಿಯನ್ನು ಓದಿಕೊಳ್ಳಬಹುದು.

ಡಿಗ್ರಿ ಹುಡುಗರೂ ಸಂಶೋಧನೆ ಮಾಡಬಹುದೆಂಬ ಯೋಚನೆಗೆ ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲೇ ಒಂದು ವ್ಯವಸ್ಥೆ ಕಟ್ಟಿಕೊಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಸಂಶೋಧನೆಗೂ ಜಾಗವಿಟ್ಟ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಊರೂರಿನ ಹುಡುಗರನ್ನು ದೊಡ್ಡ ಪ್ರಯೋಗಾಲಯಗಳಿಗೆ ಕಳಿಸುತ್ತದೆ. ಎಲ್ಲಿಗೆ ಹೋದರೂ ಹುಡುಗನ ಹಣೆಬರಹ ಕೊನೆಗೆ ಒಬ್ಬ ಗೈಡಿನ ಕೈಯಲ್ಲೇ.

ಪ್ರಭೇದಗಳು ಮುಖ್ಯವಾಗಿ ನಾಲ್ಕು. ಸಹಿ ಗೈಡ್ ರಿಪೋರ್ಟನ್ನು ಬೈಂಡ್ ಆದ ಮೇಲೆ ಮೊದಲ ಸಲ ನೋಡುತ್ತಾರೆ. ವಾಟ್ಸಾಪ್ ಗೈಡ್ ಎಲ್ಲ ಪ್ರಶ್ನೆಗೂ ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಪೇಪರ್ ಗೈಡಿಗೆ ಪ್ರಯೋಗ ಶುರುವಾಗುವ ಮೊದಲೇ ಲೇಖಕರ ಪಟ್ಟಿಯಲ್ಲಿ ತಮ್ಮ ಹೆಸರು ಎಲ್ಲಿ ಬರಬೇಕೆಂದು ಗೊತ್ತಿರುತ್ತದೆ. ನಾಲ್ಕನೆಯದು ಕೇಳುವ ಗೈಡ್. ಇದು ಅಪರೂಪ, ಸಿಕ್ಕವರು ಆ ಅಪರೂಪಕ್ಕೆ ಸಂತೋಷಪಟ್ಟ ದಾಖಲೆಯಿಲ್ಲ.

ಈ ನಾಲ್ಕನೆಯದರ ಒಂದು ಮಾದರಿಯನ್ನು ವಿವರವಾಗಿ ನೋಡಬಹುದು. ತುಮಕೂರಿನ ಕಡೆಯ ಕಾಲೇಜೊಂದರಲ್ಲಿ ಬಿಎಸ್ಸಿ ವಿದ್ಯಾರ್ಥಿಯೊಬ್ಬ (ಮುಂದೆ ರಸಾಯನಶಾಸ್ತ್ರ ಬಿಟ್ಟು ಇಂಥ ಲೇಖನ ಬರೆಯುವ ಕಸುಬಿಗೆ ಇಳಿದವನು) ಪಾವಗಡ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಅಳೆಯಲು ಹೊರಟ. ವಿಧಾನ ಸರಳ: ಸ್ಪಾಡ್ನ್ಸ್ ಎಂಬ ಕೆಂಪು ದ್ರಾವಣಕ್ಕೆ ನೀರು ಬೆರೆಸುವುದು, ಫ್ಲೋರೈಡ್ ಹೆಚ್ಚಿದ್ದಷ್ಟೂ ಬಣ್ಣ ತಿಳಿಯಾಗುತ್ತದೆ, ಅದನ್ನು 570 ನ್ಯಾನೋಮೀಟರಿನಲ್ಲಿ ಅಳೆಯುವುದು. ಪಟ್ಟಿ ಅಂದವಾಗಿ ಸಿದ್ಧವಾಯಿತು. ಕೆಲವು ಮಾದರಿಗಳು ಲೀಟರಿಗೆ 1.5 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನೂ ದಾಟಿದ್ದವು. ಹುಡುಗ ಶಹಬ್ಬಾಸ್‌ಗಿರಿಗೆ ಕಾದು ನಿಂತ.

ಗೈಡ್ ಚಹಾದ ಲೋಟ ಕೆಳಗಿಟ್ಟರು. “ಈ ಎಸ್-7 ಅಂದ್ರೆ ಯಾವ ಬೋರ್‌ವೆಲ್ಲಪ್ಪಾ?”

“ಊರಾಚೆದು ಸಾರ್.”

“ಎಷ್ಟು ಅಡಿ?”

ಮೌನ.

“ಯಾರು ಕುಡೀತಾರೆ?”

ಇನ್ನಷ್ಟು ಮೌನ.

“ಹಂಗಾದ್ರೆ ಕೇಳ್ಕೊಂಡು ಬಾ.”

ಕೊರಟಗೆರೆ, ಮಧುಗಿರಿ ದಾಟಿ ಪಾವಗಡ ಮುಟ್ಟುವಷ್ಟರಲ್ಲಿ ಕೆಂಪು ಬಸ್ಸಿನ ಕಿಟಕಿ ಪಕ್ಕದ ಸೀಟು ದೋಸೆ ಹಂಚಾಗಿರುತ್ತದೆ. ಬೋರ್‌ವೆಲ್ ಆಳವನ್ನು ಕೇಳಿ ತಿಳಿಯುವುದೂ ಅಂದುಕೊಂಡಷ್ಟು ಸುಲಭವಲ್ಲ. ಯಜಮಾನ ಹೇಳುವ ಆಳ ಒಂದು, ಕೊರೆದವನ ಬಿಲ್ಲಿನಲ್ಲಿರುವುದು ಇನ್ನೊಂದು, ಸಾಲ ತೀರಿಸುತ್ತಿರುವ ಮಗ ಹೇಳುವುದು ಮತ್ತೊಂದು. ಮೂರನ್ನೂ ಬರೆದುಕೊಂಡು ಬಂದ ಹುಡುಗನಿಗೆ ಗೈಡ್ ಕೇಳಿದ್ದು, “ಕೇಸಿಂಗ್ ಎಷ್ಟು ಅಡಿ ಇಳಿಸಿದ್ದಾರೆ?” ಇಂಥ ಗಳಿಗೆಯಲ್ಲಿ ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವ ವಿಚಾರಗಳು ಮುದ್ರಣಯೋಗ್ಯವಲ್ಲ.

ಮತ್ತೆ ಹೋದದ್ದರಿಂದ ಎರಡು ಕೆಲಸವಾದವು. ಆಳದ ಅಂಕಣ ಸೇರಿಸಿದಾಗ, ಫ್ಲೋರೈಡ್ ಹೆಚ್ಚಿದ್ದವು ಬಹುಪಾಲು ಆಳದ ಬಾವಿಗಳೇ ಎಂದು ಕಂಡಿತು. ಗ್ರಾನೈಟ್ ಬಂಡೆಯಲ್ಲಿ ಫ್ಲೋರೈಟ್, ಅಪಟೈಟ್‌ನಂಥ ಖನಿಜಗಳಿರುತ್ತವೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅವುಗಳಿಂದ ಫ್ಲೋರೈಡ್ ಕರಗಿಸಿಕೊಳ್ಳುತ್ತದೆ. ಇಡೀ ರಿಪೋರ್ಟಿನಲ್ಲಿ ಹೇಳಿಕೊಳ್ಳುವಂಥ ಮಾತು ಇದೊಂದೇ. ಎರಡನೆಯದು, ಎಸ್-7ರ ನೀರು ಕುಡಿಯುವ ಮನೆಯ ಹುಡುಗ ಬಾಗಿಲಲ್ಲಿ ನಿಂತು ನಕ್ಕಾಗ ಅವನ ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಪಟ್ಟೆಗಳು ಕಂಡವು. ಅದಾದ ಮೇಲೆ ಎಸ್-7 ಪಟ್ಟಿಯ ಒಂದು ಸಾಲಾಗಿ ಉಳಿಯಲಿಲ್ಲ. ಪಠ್ಯಪುಸ್ತಕದಲ್ಲಿ ಅಂಕಿ ಸಿಗುತ್ತದೆ, ಯಂತ್ರದಲ್ಲೂ ಸಿಗುತ್ತದೆ. ಆ ಅಂಕಿ ಯಾರ ಮನೆಯದು ಎಂದು ಕೇಳಿ ಬರುವವರೆಗೆ ಬಿಡದವರು ಸಿಗುವುದು ಮಾತ್ರ ಗೈಡಿನ ರೂಪದಲ್ಲೇ. ಅವರ ಬೆಲೆ ಇರುವುದು ಇದರಲ್ಲಿ.

ಪ್ರಶಂಸೆ ಅತಿಯಾಗದಂತೆ ಕೆಂಪು ಪೆನ್ನಿನ ವಿಷಯವನ್ನೂ ದಾಖಲಿಸಬೇಕು. ಮೇಲಿನ ಮಾದರಿ ‘ಅಭೂತಪೂರ್ವ’ ಎಂಬ ಪದವನ್ನು ಕಂಡಲ್ಲೆಲ್ಲ ಹೊಡೆದುಹಾಕುತ್ತಿತ್ತು. 2.3718 ಎಂದು ಬರೆದರೆ “ನಿನ್ನ ಯಂತ್ರಕ್ಕೆ ಅಷ್ಟು ಕಣ್ಣಿದೆಯಾ?” ಎಂದು 2.4 ಮಾಡುತ್ತಿತ್ತು. ನಾಳೆ ಸಲ್ಲಿಸಬೇಕೆಂದಾಗ ಇವತ್ತು ಸಂಜೆ ಅಲ್ಪವಿರಾಮಗಳನ್ನು ತಿದ್ದಲು ಕೂರುತ್ತಿತ್ತು. ಜೆರಾಕ್ಸ್ ಅಂಗಡಿಯವನು ಶಟರ್ ಇಳಿಸುವ ಸದ್ದು ಆ ಬ್ಯಾಚಿನವರಿಗೆ ಈಗಲೂ ಕನಸಿನಲ್ಲಿ ಕೇಳುವುದುಂಟು.

ಗೈಡಿನ ಇನ್ನೊಂದು ಉಪಯೋಗ ಶಿಫಾರಸು ಪತ್ರ. ಸಹಿ ಗೈಡ್ ಎಲ್ಲರನ್ನೂ ‘ಶ್ರದ್ಧಾವಂತ, ಪರಿಶ್ರಮಿ’ ಎಂದು ಒಂದೇ ಅಚ್ಚಿನಲ್ಲಿ ಬರೆಯುತ್ತಾರೆ. ಹೆಸರು ಬದಲಿಸುವುದನ್ನು ಮರೆಯುವುದೂ ಉಂಟು. ಕೇಳುವ ಗೈಡ್ ಹುಡುಗ ಏನು ಮಾಡಿದ, ಎಲ್ಲಿ ಗೊಣಗಿದ, ಗೊಣಗಿಯೂ ಹೇಗೆ ಮುಗಿಸಿದ ಎಂದು ಬರೆಯುತ್ತಾರೆ. ಎಂಎಸ್ಸಿಗೆ ಸೇರಿಸಿಕೊಳ್ಳುವವರು ನಂಬುವುದು ಈ ಎರಡನೆಯ ಬಗೆಯನ್ನು. ರಿಪೋರ್ಟಿನ ಕೃತಜ್ಞತಾ ಪುಟದಲ್ಲಿ ಮಾತ್ರ ಇದಾವುದೂ ಕಾಣುವುದಿಲ್ಲ. ಅದು ಸೀನಿಯರ್ ರಿಪೋರ್ಟಿನಿಂದ ಅಕ್ಷರತಪ್ಪುಗಳ ಸಮೇತ ನಕಲಾಗಿರುತ್ತದೆ.

ಗೈಡ್ ಇಲ್ಲದೆಯೂ ಸಂಶೋಧನೆ ಆಗುವುದಿಲ್ಲವೇ ಎಂದು ಹಾಸ್ಟೆಲ್ಲಿನಲ್ಲಿ ವಾದ ಹೂಡುವವರು ಸಿ.ವಿ. ರಾಮನ್ ಅವರ ಹೆಸರು ಹೇಳುತ್ತಾರೆ. ವಾದದಲ್ಲಿ ಹುರುಳಿದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದ ರಾಮನ್ ಬೆಳಕಿನ ವಿವರ್ತನೆಯ ಬಗ್ಗೆ ಬರೆದ ಲೇಖನ 1906ರಲ್ಲಿ ‘ಫಿಲಾಸಫಿಕಲ್ ಮ್ಯಾಗಝೀನ್’ನಲ್ಲಿ ಅವರೊಬ್ಬರದೇ ಹೆಸರಿನಲ್ಲಿ ಅಚ್ಚಾಯಿತು. ಆಗ ಅವರಿಗೆ ಹದಿನೆಂಟು. ಕೇಳುವ ಗೈಡ್ ಅವರ ತಲೆಯೊಳಗೇ ಕೂತಿದ್ದರು ಎನ್ನಬಹುದು. ಆ ಅನುಕೂಲ ಇಲ್ಲದ ಉಳಿದವರು ಬಸ್ಸು ಹತ್ತಿ ಬೋರ್‌ವೆಲ್ ಎಷ್ಟು ಅಡಿ ಎಂದು ಕೇಳಿಕೊಂಡು ಬರುವುದೇ ಕ್ಷೇಮ.